ನಟ್ಟಿಕಾಯಿಯ ಶಿಲೀಂಧ್ರ ರೋಗಕ್ಕೆ ವಿಷವಿಲ್ಲದ ಮದ್ದು

ಕಾಸರಗೋಡಿನ ಅಡಿಕೆ ತೋಟದವರಿಗೆ ಶಿಲೀಂಧ್ರದ ಉಪಟಳ ಹೊಸತಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮಹಾಳಿ, ಅಂದರೆ ಕೊಳೆರೋಗ, ತಗಲಿ ಎಳೆ ಅಡಿಕೆ ಉದುರುವುದನ್ನು ಎಲ್ಲರೂ ಕಂಡಿದ್ದಾರೆ. ಅದಕ್ಕೆ ಮದ್ದು ಬಿಡುವುದು ಮಳೆ ಬಲವಾಗುವ ಮೊದಲೇ. ಕಾಯಿ ಉದುರತೊಡಗಿದ ಮೇಲೆ ಬಿಟ್ಟರೆ ಕೂಲಿ ದಂಡ ಎಂಬುದೂ ಗೊತ್ತಿದೆ. ಆದರೆ ಅದೇ ಮನೆಯ ನಟ್ಟಿಕಾಯಿಗೆ, ಅಂದರೆ ತರಕಾರಿಗೆ, ಬಸಳೆ ಚಪ್ಪರಕ್ಕೆ, ಬೈಲುಗದ್ದೆಯ ಸೌತೆ ಸಾಲಿಗೆ ಬಂದಾಗ ಈ ಲೆಕ್ಕ ಮರೆತುಹೋಗುತ್ತದೆ. ಎಲೆ ಅರ್ಧ ಒಣಗಿದ ಮೇಲೆ ಯಾವುದೋ ಪುಡಿ ತಂದು ಸಿಂಪಡಿಸುತ್ತಾರೆ, ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಸಾವಯವ ಮದ್ದುಗಳೆಲ್ಲ ಹೆಚ್ಚುಕಡಿಮೆ ತಡೆಯುವ ಮದ್ದುಗಳು. ಒಳಹೊಕ್ಕ ರೋಗವನ್ನು ಹಿಂದಕ್ಕೆ ಕರೆಯುವ ಶಕ್ತಿ ಅವಕ್ಕಿಲ್ಲ. ಯಾವ ರೋಗ ಯಾವ ಹವೆಯಲ್ಲಿ ಬರುತ್ತದೆ ಎಂದು ತಿಳಿದು ಅದಕ್ಕೆ ಒಂದು ವಾರ ಮೊದಲು ಕೈ ಹಾಕುವುದೇ ಇದರ ಗುಟ್ಟು.

ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನಿನ ಸಂಕಟ ಉಂಡ ಊರು ಇದು. ಅದು ಕೀಟನಾಶಕ, ಶಿಲೀಂಧ್ರದ ಮದ್ದಲ್ಲ, ನಿಜ. ಆದರೆ ಮನೆಮಂದಿ ಉಣ್ಣುವ ಹರಿವೆಗೆ ಏನು ಬೀಳುತ್ತದೆ ಎಂದು ಎಣ್ಮಕಜೆ, ಪಡ್ರೆಯ ಕಡೆಯವರು ಎರಡು ಸಲ ಯೋಚಿಸುವುದಕ್ಕೆ ಕಾರಣವನ್ನು ಯಾರೂ ಹೇಳಬೇಕಾಗಿಲ್ಲ.

ಮೊದಲು ರೋಗದ ಗುರುತು

ಬೂದಿ ರೋಗ ಮತ್ತು ಬೂಜು ತುಪ್ಪಟ ರೋಗ, ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದ ಆಗುವಷ್ಟು ನಷ್ಟ ಬೇರೆ ಯಾವ ತಪ್ಪಿನಿಂದಲೂ ಆಗುವುದಿಲ್ಲ. ಬೂದಿ ರೋಗದಲ್ಲಿ ಎಲೆಯ ಮೇಲ್ಮೈಯಲ್ಲಿ ಹಿಟ್ಟು ಚೆಲ್ಲಿದಂತೆ ಬಿಳಿ ಮಚ್ಚೆ ಏಳುತ್ತದೆ, ಬೆರಳಲ್ಲಿ ಒರೆಸಿದರೆ ಬರುತ್ತದೆ. ಇದಕ್ಕೆ ಎಲೆ ಒದ್ದೆಯಾಗಬೇಕೆಂದಿಲ್ಲ. ಮಳೆ ನಿಂತು, ಹಗಲು ಒಣಗಿ, ರಾತ್ರಿ ತಂಪಾಗುವ ಡಿಸೆಂಬರಿನಿಂದ ಫೆಬ್ರವರಿವರೆಗೆ ಬೆಂಡೆ, ಚೀನಿಕಾಯಿ (ಸಿಹಿಗುಂಬಳ), ಸೌತೆ, ಹಾಗಲದ ಮೇಲೆ ಬರುತ್ತದೆ. ಜೋರು ಮಳೆ ಬಿದ್ದರೆ ತೊಳೆದು ಕಡಿಮೆಯಾಗುವುದೂ ಉಂಟು.

ಬೂಜು ತುಪ್ಪಟ ಇದಕ್ಕೆ ತಿರುಗುಮುರುಗು. ಎಲೆಯ ಮೇಲೆ ನರಗಳ ನಡುವೆ ಮೂಲೆಮೂಲೆಯಾದ ಹಳದಿ ಮಚ್ಚೆ ಕಾಣುತ್ತದೆ. ಬೆಳಗ್ಗೆ ಇಬ್ಬನಿ ಆರುವ ಮೊದಲು ಎಲೆ ಮಗುಚಿ ನೋಡಿದರೆ ಅಡಿಯಲ್ಲಿ ಬೂದು ಅಥವಾ ನೇರಳೆ ಛಾಯೆಯ ತುಪ್ಪಟ ಸಿಗುತ್ತದೆ. ಮಧ್ಯಾಹ್ನ ನೋಡಿದರೆ ಅದು ಕಾಣುವುದು ಕಷ್ಟ. ಇದಕ್ಕೆ ಎಲೆ ಗಂಟೆಗಟ್ಟಲೆ ಒದ್ದೆಯಾಗಿರಬೇಕು. ಹಾಗಾಗಿ ಮಳೆಗಾಲದಲ್ಲೂ, ನವೆಂಬರ್ ಬಳಿಕ ಬೈಲಿನಲ್ಲಿ ಇಬ್ಬನಿ ದಟ್ಟವಾಗಿ ಬೀಳುವಾಗಲೂ ಸೌತೆ, ಹಾಗಲ, ಪಡುವಲಕ್ಕೆ ಬರುತ್ತದೆ. ಈ ಜೀವಿ ಮತ್ತು ಸಸಿ ಕೊಳೆಸುವ ಪಿಥಿಯಂ, ಮಹಾಳಿ ತರುವ ಫೈಟೋಫ್ಥೋರಾ ಇವೆಲ್ಲ ವಿಜ್ಞಾನದ ಲೆಕ್ಕದಲ್ಲಿ ನಿಜವಾದ ಶಿಲೀಂಧ್ರಗಳಲ್ಲ, ನೀರಿನಲ್ಲಿ ಈಜುವ ಬೀಜಕಣಗಳಿರುವ ಬೇರೆಯೇ ಕುಲ. ಬೂದಿ ರೋಗಕ್ಕೆ ಹಿಡಿಯುವ ಹಾಲು, ಅಡಿಗೆ ಸೋಡಾ ಈ ಕುಲದ ಮೇಲೆ ನಾಟದಿರುವುದು ಅದಕ್ಕೇ. ಇವಕ್ಕೆ ಕೆಲಸ ಮಾಡುವುದು ತಾಮ್ರ, ಗಾಳಿ ಮತ್ತು ಒಣ ಎಲೆ.

ಇನ್ನೊಂದು ಮೋಸ ಸೊರಗು ರೋಗದ್ದು. ಬದನೆ, ಟೊಮೆಟೊ, ಮೆಣಸಿನ ಗಿಡ ಎಲೆ ಹಳದಿಯಾಗದೆ ಹಸುರಾಗಿರುವಾಗಲೇ ಎರಡು ಮೂರು ದಿನದಲ್ಲಿ ಜೋತುಬಿದ್ದರೆ ಬುಡದ ಮೇಲಿನ ಕಾಂಡವನ್ನು ಒಂದು ಗೇಣು ಕತ್ತರಿಸಿ. ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಿಸದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ, ಶಿಲೀಂಧ್ರವಲ್ಲ. ನಮ್ಮ ಹುಳಿಮಣ್ಣಿನಲ್ಲಿ ಇದು ತೀರಾ ಸಾಮಾನ್ಯ. ಸಿಂಪಡಿಸುವ ಯಾವ ಮದ್ದೂ ಇದಕ್ಕೆ ದಾರಿಯಲ್ಲ. ಕೇರಳ ಕೃಷಿ ವಿಶ್ವವಿದ್ಯಾಲಯದ ತಡೆದುಕೊಳ್ಳುವ ತಳಿಗಳನ್ನೇ ನೆಡಬೇಕು: ಬದನೆಯಲ್ಲಿ ಸೂರ್ಯ, ಹರಿತ, ಟೊಮೆಟೊದಲ್ಲಿ ಶಕ್ತಿ, ಅನಘ, ಮೆಣಸಿನಲ್ಲಿ ಉಜ್ವಲ, ಅನುಗ್ರಹ.

ಮಣ್ಣು ಮತ್ತು ಪಾತಿ

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಕಡೆ ರೋಗ ತಡೆಯುವ ಮೊದಲ ಸಾಧನ ಹಾರೆ, ಪಂಪು ಆಮೇಲೆ. ಮಳೆಗಾಲದ ನಟ್ಟಿಗೆ ನೀರು ನಿಲ್ಲದ ಎತ್ತರದ ಬೆಟ್ಟುಜಾಗವೇ ಸರಿ. ಪಾತಿ ಒಂದು ಮೀಟರಿಗಿಂತ ಅಗಲವಾಗದಿರಲಿ, ಎತ್ತರ ಒಂದಡಿಯಾದರೂ ಇರಲಿ, ಪಕ್ಕದ ಕಣಿಯಲ್ಲಿ ನೀರು ನಿಲ್ಲದೆ ಹರಿಯಲಿ. ಮಳೆ ನಿಂತು ಅರ್ಧ ಗಂಟೆಯ ಬಳಿಕವೂ ಕಣಿಯಲ್ಲಿ ನೀರು ಉಳಿದರೆ ಅಲ್ಲಿ ಬುಡ ಕೊಳೆಯುತ್ತದೆ.

ಮುರಕಲ್ಲಿನ ಮಣ್ಣು ಹುಳಿ. ಪರೀಕ್ಷೆ ಮಾಡಿಸಿ ಸುಣ್ಣ ಹಾಕಬೇಕು, ಸಾಧಾರಣವಾಗಿ ಸೆಂಟ್ಸಿಗೆ (ಎಕರೆಯ ನೂರನೇ ಒಂದು ಪಾಲಿಗೆ) ಎರಡರಿಂದ ಮೂರು ಕಿಲೋ. ಸುಣ್ಣ ಹಾಕಿ ಮಣ್ಣಿಗೆ ಬೆರೆಸಿ ನೀರುಣಿಸಿದ ಮೇಲೆ ಎರಡು ವಾರ ಬಿಟ್ಟು ಗೊಬ್ಬರ ಮತ್ತು ರೋಗದ ಶಿಲೀಂಧ್ರವನ್ನು ಅಡಗಿಸುವ ಒಳ್ಳೆಯ ಶಿಲೀಂಧ್ರವಾದ ಟ್ರೈಕೋಡರ್ಮಾ ಕೊಡಿ. ಒಟ್ಟಿಗೆ ಹಾಕಿದರೆ ಸುಣ್ಣದ ಕ್ಷಾರಕ್ಕೆ ಟ್ರೈಕೋಡರ್ಮಾ ಸೊರಗುತ್ತದೆ. ಬೂದಿಗೂ ಇದೇ ಮಾತು. ಹಟ್ಟಿಗೊಬ್ಬರದ ಜೊತೆ ಬೂದಿ ಬೆರೆಸಿ ಅದಕ್ಕೇ ಟ್ರೈಕೋಡರ್ಮಾ ಹಾಕುವವರು ಬಹಳ ಮಂದಿ, ಅದರಿಂದ ಫಲವಿಲ್ಲ.

ಹಿಂದಿನ ವರ್ಷ ಸಸಿ ಕೊಳೆತ ಜಾಗಕ್ಕೆ ಎರಡು ದಾರಿಗಳಿವೆ. ಒಂದು, ನಮ್ಮ ಕಡೆಯ ಹಳೆಯ ಸುಡುಮಣ್ಣು. ತರಗೆಲೆ, ಒಣ ಕಡ್ಡಿಯ ಮೇಲೆ ಮಣ್ಣು ಹೇರಿ ನಿಧಾನವಾಗಿ ಬೇಯಿಸಿದರೆ ರೋಗಾಣುವೂ ಕಳೆಬೀಜವೂ ಸಾಯುತ್ತವೆ. ಒಳ್ಳೆಯ ಸೂಕ್ಷ್ಮಾಣುಗಳೂ ಸಾಯುತ್ತವೆ, ಆದ್ದರಿಂದ ತಣಿದ ಸುಡುಮಣ್ಣಿಗೆ ಹಳೆಯ ಗೊಬ್ಬರ ಸೇರಿಸಿಯೇ ಬೀಜ ಬಿತ್ತಬೇಕು. ಇನ್ನೊಂದು, ಬಿಸಿಲಲ್ಲಿ ಕಾಯಿಸುವುದು. ಏಪ್ರಿಲಿನಲ್ಲಿ ಪಾತಿಯನ್ನು ಪುಡಿಮಾಡಿ, ಚೆನ್ನಾಗಿ ನೀರುಣಿಸಿ, 100ರಿಂದ 150 ಗೇಜಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಎಳೆದು ಹಾಸಿ, ನಾಲ್ಕೂ ಅಂಚನ್ನು ಮಣ್ಣಲ್ಲಿ ಹೂತುಬಿಡಿ. ಮೂರರಿಂದ ನಾಲ್ಕು ವಾರ ಹಾಗೆಯೇ ಇರಲಿ. ಇಲ್ಲಿ ಕೆಡುವುದು ಮೂರು ಕಡೆ: ಕಪ್ಪು ಹಾಳೆ ಹಾಕುವುದು, ಒಣಮಣ್ಣಿಗೆ ಹಾಸುವುದು, ತೆಂಗಿನ ನೆರಳಿನ ಜಾಗ ಆರಿಸುವುದು. ಹಾಳೆ ತೆಗೆದ ಮೇಲೆ ಆಳವಾಗಿ ಅಗೆಯಬೇಡಿ, ಬಿಸಿ ತಾಗದ ಕೆಳಗಿನ ಮಣ್ಣು ಮೇಲೆ ಬರುತ್ತದೆ.

ಟ್ರೈಕೋಡರ್ಮಾ ಗೊಬ್ಬರ

ಪೊಟ್ಟಣ ತಂದು ನೇರವಾಗಿ ಬುಡಕ್ಕೆ ಎರಚುವುದಕ್ಕಿಂತ ಗೊಬ್ಬರದಲ್ಲಿ ಬೆಳೆಸಿ ಹಾಕುವುದು ನೂರು ಪಾಲು ಮೇಲು. ಒಣಗಿ ಪುಡಿಯಾದ ಹಟ್ಟಿಗೊಬ್ಬರ 90 ಕಿಲೋ, ಬೇವಿನ ಹಿಂಡಿ 10 ಕಿಲೋ, ಟ್ರೈಕೋಡರ್ಮಾ ಒಂದರಿಂದ ಎರಡು ಕಿಲೋ. ಮನೆಮಟ್ಟಿಗೆ 9 ಕಿಲೋ, 1 ಕಿಲೋ, 100ರಿಂದ 200 ಗ್ರಾಂ. ನೆರಳಿನಲ್ಲಿ, ಮಳೆ ಬೀಳದ ಕಡೆ ಮೂರನ್ನೂ ಬೆರೆಸಿ ನೀರು ಚಿಮುಕಿಸುತ್ತಾ ಹದ ತನ್ನಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಅದನ್ನು ಒಂದಡಿಗಿಂತ ಎತ್ತರ ಮಾಡದೆ ಹರಡಿ, ಒದ್ದೆ ಗೋಣಿ ಅಥವಾ ತೂತು ಮಾಡಿದ ಪ್ಲಾಸ್ಟಿಕ್ ಮುಚ್ಚಿ. ನಾಲ್ಕೈದು ದಿನದಲ್ಲಿ ಹಸುರು ಬೂಸು ಕಾಣಿಸುತ್ತದೆ. ಮಗುಚಿ, ಒಣಗಿದ್ದರೆ ನೀರು ಚಿಮುಕಿಸಿ, ಮತ್ತೆ ಮೂರು ದಿನ ಮುಚ್ಚಿಟ್ಟರೆ ಬಳಕೆಗೆ ಸಿದ್ಧ.

ಹಸುರಿನ ಬದಲು ಕಪ್ಪು ಬೂಸು ಬಂದರೆ, ಕೆಟ್ಟ ವಾಸನೆ ಹೊಡೆದರೆ ನೀರು ಹೆಚ್ಚಾಗಿದೆ ಅಥವಾ ಹಸಿ ಸೆಗಣಿ ಸೇರಿದೆ. ರಾಶಿ ಕೈ ಸುಡುವಷ್ಟು ಕಾಯ್ದರೆ ಗೊಬ್ಬರ ಇನ್ನೂ ಕಳಿತಿರಲಿಲ್ಲ ಎಂದರ್ಥ. ಏನೂ ಬೆಳೆಯದಿದ್ದರೆ ಪೊಟ್ಟಣ ಹಳತು. ಕೊಳ್ಳುವಾಗ ತಯಾರಿಸಿದ ತಾರೀಖು ನೋಡಿಯೇ ಕೊಳ್ಳಿ, ಬಿಸಿಲು ಬೀಳುವ ಅಂಗಡಿಯ ಕಪಾಟಿನದನ್ನು ತರಬೇಡಿ. ಕೃಷಿ ಭವನ, ಸಿಪಿಸಿಆರ್‌ಐಯ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೃಷಿ ವಿಜ್ಞಾನ ಕೇಂದ್ರ, ಪಿಲಿಕ್ಕೋಡು ಸಂಶೋಧನಾ ಕೇಂದ್ರಗಳಲ್ಲಿ ವಿಚಾರಿಸುವುದು ಮೇಲು.

ನೆಡುವ ಗುಂಡಿಗೆ ಒಂದರಿಂದ ಎರಡು ಕಿಲೋ ಈ ಗೊಬ್ಬರ ಸಾಕು. ಮಣ್ಣಿನಲ್ಲಿ ತೇವ ಇರಬೇಕು, ಮೇಲೆ ತರಗೆಲೆ ಅಥವಾ ಸೋಗೆಯ ಮುಚ್ಚಿಗೆ ಬೇಕು. ಒಣಮಣ್ಣಿನಲ್ಲಿ ಅದು ನಿದ್ದೆ ಹೋಗುತ್ತದೆ. ಎಲೆಯ ರೋಗಕ್ಕೆ ಟ್ರೈಕೋಡರ್ಮಾವನ್ನು ನಂಬಿ ಕೂರಬೇಡಿ, ಅದರ ಜಾಗ ಬುಡ.

ಸಸಿಮಡಿ

ಸಸಿ ಮೊಳೆತು ಎರಡೆಲೆಯಲ್ಲಿರುವಾಗ ಬುಡ ನೂಲಿನಂತೆ ಸಪೂರವಾಗಿ ಅಡ್ಡ ಬೀಳುವ ರೋಗಕ್ಕೆ ಕಾರಣ ಬಹುತೇಕ ಒತ್ತಾದ ಬಿತ್ತನೆ ಮತ್ತು ಸಂಜೆಯ ನೀರು. ಬೀಜ ವಿರಳವಾಗಿ ಬಿತ್ತಿ, ಬೆಳಗ್ಗೆ ಮಾತ್ರ ನೀರು ಹನಿಸಿ. ಜೂನಿನಲ್ಲಿ ಮಡಿಯ ಮೇಲೆ ಪ್ಲಾಸ್ಟಿಕ್ ಮಾಡು ಇರಲಿ, ಪಕ್ಕಗಳು ತೆರೆದಿರಲಿ.

ಬೀಜಕ್ಕೆ ಸ್ಯೂಡೊಮೊನಾಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ಪುಡಿಯನ್ನು ಕಿಲೋಗೆ 10 ಗ್ರಾಂ ಲೆಕ್ಕದಲ್ಲಿ ಗಂಜಿ ತೆಳಿಯಲ್ಲಿ ಕಲಸಿ ಲೇಪಿಸಿ ನೆರಳಲ್ಲಿ ಆರಿಸಿ ಬಿತ್ತಿ. ಸಸಿ ಕೀಳುವಾಗ ಲೀಟರ್ ನೀರಿಗೆ 20 ಗ್ರಾಂ ಕದಡಿ ಬೇರನ್ನು ಇಪ್ಪತ್ತು ನಿಮಿಷ ಅದ್ದಿ ನೆಡಿ. ಮನೆಯ ಮೆಣಸಿನ ಬೀಜವನ್ನೇ ಉಪಯೋಗಿಸುವವರು ಕಾಯಿಕೊಳೆ ಬಂದ ಹಣ್ಣಿನಿಂದ ಬೀಜ ತೆಗೆಯಲೇಬಾರದು, ರೋಗ ಬೀಜದಲ್ಲೇ ಬರುತ್ತದೆ. ಅನುಮಾನವಿದ್ದರೆ 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಬಟ್ಟೆಗಂಟಿನಲ್ಲಿಟ್ಟು 30 ನಿಮಿಷ ಅದ್ದಿ. ಟೊಮೆಟೊ, ಬದನೆಗೆ 50 ಡಿಗ್ರಿಯಲ್ಲಿ 25 ನಿಮಿಷ. ಉಷ್ಣಮಾಪಕವಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಎರಡು ಮೂರು ಡಿಗ್ರಿ ಹೆಚ್ಚಾದರೆ ಬೀಜ ಬೇಯುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ. ಸೌತೆ, ಚೀನಿಕಾಯಿ ಜಾತಿಯ ಬೀಜ ಈ ಬಿಸಿಯನ್ನು ಸರಿಯಾಗಿ ತಾಳುವುದಿಲ್ಲ.

ಎಲೆಗೆ ಸ್ಯೂಡೊಮೊನಾಸ್

ಲೀಟರಿಗೆ 20 ಗ್ರಾಂ, ಅಂದರೆ ಹತ್ತು ಲೀಟರಿಗೆ 200 ಗ್ರಾಂ. ಬಟ್ಟೆಯಲ್ಲಿ ಸೋಸಿ, ಸಂಜೆ ಬಿಸಿಲು ಇಳಿದ ಮೇಲೆ ಎಲೆಯ ಅಡಿಮೈಗೂ ತಾಗುವಂತೆ ಸಿಂಪಡಿಸಿ. ನೆಟ್ಟ ಎರಡನೇ ವಾರದಿಂದ ಹತ್ತು ಹದಿನೈದು ದಿನಕ್ಕೊಮ್ಮೆ. ಇದು ಜೀವಂತ ಬ್ಯಾಕ್ಟೀರಿಯಾ. ನಳ್ಳಿಯ ಕ್ಲೋರಿನ್ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ರಾತ್ರಿ ಬಿಟ್ಟು ಬಳಸಿ, ಬಾವಿ ನೀರಾದರೆ ಚಿಂತೆಯಿಲ್ಲ. ಸಾಬೂನು ಬೆರೆಸಬೇಡಿ. ಅಂಟು ಬೇಕಾದರೆ ಸೋಸಿದ ಗಂಜಿ ತೆಳಿ ಸ್ವಲ್ಪ ಸೇರಿಸಿ. ಪುಡಿಯ ಆಯುಷ್ಯ ಮೂರು ನಾಲ್ಕು ತಿಂಗಳು, ಆರು ತಿಂಗಳ ಪೊಟ್ಟಣ ಬರೀ ಸೀಮೆಸುಣ್ಣದಂಥ ಪುಡಿ.

ಟ್ರೈಕೋಡರ್ಮಾ ಮತ್ತು ಸ್ಯೂಡೊಮೊನಾಸನ್ನು ಒಟ್ಟಿಗೆ ಕೊಡಬೇಡಿ, ನಡುವೆ ಹತ್ತು ಹದಿನೈದು ದಿನ ಬಿಡಿ. ಬಸಳೆಯ ಎಲೆಗೆ ಕೆಂಪು ಅಂಚಿನ ದುಂಡು ಚುಕ್ಕೆ ಬಂದಾಗ ಚುಕ್ಕೆಯ ಎಲೆಗಳನ್ನೆಲ್ಲ ಕೊಯ್ದು ತೆಗೆದು, ಚಪ್ಪರದ ಒತ್ತು ಬಿಡಿಸಿ, ಬುಡಕ್ಕೆ ಮಾತ್ರ ನೀರು ಹೊಯ್ದು ಸ್ಯೂಡೊಮೊನಾಸನ್ನು ಎರಡು ಸಲ ಸಿಂಪಡಿಸಿದರೆ ಹೊಸ ಚಿಗುರು ಸಾಮಾನ್ಯವಾಗಿ ಶುದ್ಧವಾಗಿ ಬರುತ್ತದೆ. ಮೇಲಿನಿಂದ ಪೈಪು ಹಿಡಿಯುವ ಅಭ್ಯಾಸ ಬಿಡದಿದ್ದರೆ ಯಾವ ಮದ್ದೂ ಬಸಳೆಯನ್ನು ಉಳಿಸುವುದಿಲ್ಲ.

ಅಡಿಗೆಮನೆಯ ವಸ್ತುಗಳು

ಬೂದಿ ರೋಗಕ್ಕೆ ಹಾಲು ಒಳ್ಳೆಯ ಮದ್ದು, ಇದು ನಂಬಿಕೆಯ ಮಾತಲ್ಲ. ಬ್ರೆಜಿಲಿನ ವಾಗ್ನರ್ ಬೆಟಿಯೋಲ್ ಎಂಬ ವಿಜ್ಞಾನಿ ಕುಂಬಳ ಜಾತಿಯ ಜುಕಿನಿಯ ಮೇಲೆ ಇದನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಒಂದು ಪಾಲು ಹಸಿ ಹಾಲು, ಒಂಬತ್ತು ಪಾಲು ನೀರು. ಬಿಸಿಲು ಬರುವ ದಿನ ಬೆಳಗ್ಗೆ, ವಾರಕ್ಕೊಮ್ಮೆ. ಮೊದಲ ಬಿಳಿ ಚುಕ್ಕೆ ಕಂಡ ದಿನವೇ ಶುರುಮಾಡಬೇಕು. ಮೋಡ ಕವಿದ ತೇವದ ದಿನಗಳಲ್ಲಿ ಬಿಟ್ಟರೆ ಎಲೆಯ ಮೇಲೆ ಹಾಲೇ ಬೂಸು ಹಿಡಿಯುತ್ತದೆ. ಮಜ್ಜಿಗೆಯಾದರೆ ಮೂರು ದಿನ ಹುಳಿಸಿದ್ದನ್ನು ಸೋಸಿ ಹತ್ತು ಲೀಟರ್ ನೀರಿಗೆ ಅರ್ಧ ಲೀಟರ್. ಸೋಸದಿದ್ದರೆ ಮೊಸರಿನ ಗಟ್ಟಿ ಪಂಪಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ.

ಅಡಿಗೆ ಸೋಡಾ ಲೀಟರಿಗೆ 5 ಗ್ರಾಂ, ಹಿಡಿದುಕೊಳ್ಳಲು ಕೆಲವು ಹನಿ ಸಾಬೂನು ದ್ರಾವಣ. ಇದೂ ಬೂದಿ ರೋಗಕ್ಕೇ. ಮೊದಲು ಎರಡು ಎಲೆಗೆ ಹಚ್ಚಿ ಒಂದು ದಿನ ನೋಡಿ, ಅಂಚು ಸುಡದಿದ್ದರೆ ಮುಂದುವರಿಸಿ. ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂದುಕೊಂಡು 10 ಗ್ರಾಂ ಹಾಕಿದವರ ಸೌತೆಯ ಎಲೆ ಕಂದಿಹೋಗುತ್ತದೆ. ಅದರಲ್ಲಿರುವ ಸೋಡಿಯಂ ಮಣ್ಣಿನಲ್ಲಿ ಸೇರುವುದರಿಂದ ಒಂದು ಬೆಳೆಗೆ ಮೂರು ಸಲಕ್ಕಿಂತ ಹೆಚ್ಚು ಬೇಡ.

ಕೆಂಪು ಹರಿವೆಗೆ ಮಳೆಗಾಲದಲ್ಲಿ ಬಿಳಿ ಮಚ್ಚೆ ಬಂದು ಎಲೆ ತೂತಾಗುವ ರೋಗಕ್ಕೆ ಕೇರಳದಲ್ಲಿ ಬಳಕೆಯಲ್ಲಿರುವ ಮಿಶ್ರಣ ಹೀಗಿದೆ: ಹತ್ತು ಲೀಟರ್ ನೀರಿಗೆ 40 ಗ್ರಾಂ ಇಂಗು ಕರಗಿಸಿ, 8 ಗ್ರಾಂ ಅಡಿಗೆ ಸೋಡಾ ಮತ್ತು 32 ಗ್ರಾಂ ಅರಶಿನ ಹುಡಿ ಬೆರೆಸಿದ್ದನ್ನು ಸೇರಿಸಿ ಕದಡಿ ಸೋಸಬೇಕು. ಅಂಗಡಿಯಲ್ಲಿ ಪಾಲ್‌ಕಾಯಂ ಎಂದು ಕೇಳಿದರೆ ಬೇಕಾದ ಇಂಗು ಸಿಗುತ್ತದೆ. ಎಲೆಯ ಎರಡೂ ಮೈಗೆ ತಾಗಲಿ. ಅದಕ್ಕಿಂತ ಸುಲಭದ ಉಪಾಯವೂ ಉಂಟು: ಸಿಒ-1 ಎಂಬ ಹಸುರು ಹರಿವೆಗೆ ಈ ರೋಗ ಬರುವುದು ಕಡಿಮೆ, ಕೆಂಪಿನ ಸಾಲುಗಳ ನಡುವೆ ಅದನ್ನು ಬಿತ್ತಿದರೆ ರೋಗ ಹರಡುವುದು ನಿಧಾನವಾಗುತ್ತದೆ. ಹಸಿ ಸೆಗಣಿಯ ತಿಳಿಯನ್ನು ಹರಿವೆಗೆ ಸಿಂಪಡಿಸುವ ಕ್ರಮವೂ ಇದೆ. ಹಾಗೆ ಮಾಡುವುದಾದರೆ ಎಳೆಯ ಗಿಡಕ್ಕೆ ಮಾತ್ರ ಸಾಕು. ಕೊಯ್ಲು ಹತ್ತಿರವಿರುವ ಸೊಪ್ಪಿಗೆ ಸೆಗಣಿ ತಾಗಿಸುವುದು ಮನೆಮಂದಿಯ ಹೊಟ್ಟೆಗೆ ಒಳ್ಳೆಯದಲ್ಲ.

ನೀರಿನಲ್ಲಿ ಕದಡುವ ಗಂಧಕದ ಪುಡಿ, ಲೀಟರಿಗೆ 2 ಗ್ರಾಂ, ಬೂದಿ ರೋಗಕ್ಕೂ ಅಲಸಂಡೆಯ ತುಕ್ಕು ರೋಗಕ್ಕೂ ಆಗುತ್ತದೆ. ಸೌತೆ ಜಾತಿಯ ಎಲೆ ಅದಕ್ಕೆ ಸುಲಭವಾಗಿ ಸುಡುತ್ತದೆ, ಬೇಸಗೆಯ ಬಿಸಿಯಲ್ಲಂತೂ ಬೇಡವೇ ಬೇಡ. ಬೇವಿನೆಣ್ಣೆ ಸಿಂಪಡಿಸಿ ಎರಡು ವಾರದೊಳಗೆ ಗಂಧಕ ಬಿಟ್ಟರೆ ಯಾವ ಗಿಡವೂ ತಾಳುವುದಿಲ್ಲ.

ಬೋರ್ಡೋ ದ್ರಾವಣ, ತರಕಾರಿಯ ಹದಕ್ಕೆ

ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬೂಜು ತುಪ್ಪಟಕ್ಕೆಂದು 1885ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಪ್ರಚಾರಕ್ಕೆ ತಂದ ಮದ್ದು ಇದು. ಅಡಿಕೆಯ ಕೊಳೆರೋಗಕ್ಕೆ ಇದನ್ನು ರೂಢಿಗೆ ತಂದವರು ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅಡಿಕೆಗೆ ಬಿಡುವ ಶೇ. 1ರ ದ್ರಾವಣವನ್ನೇ ಡ್ರಮ್ಮಿನಲ್ಲಿ ಉಳಿಯಿತೆಂದು ಎಳೆ ಸೌತೆಗೆ ಬಿಟ್ಟುಬಿಡುತ್ತಾರೆ, ಅದು ಎಲೆಗೆ ಭಾರ. ತರಕಾರಿಗೆ ಅರ್ಧ ಹದ ಸಾಕು: ಹತ್ತು ಲೀಟರಿಗೆ 50 ಗ್ರಾಂ ಮೈಲುತುತ್ತು (ತಾಮ್ರದ ಸಲ್ಫೇಟ್), 50 ಗ್ರಾಂ ಸುಟ್ಟ ಸುಣ್ಣ.

ಮೈಲುತುತ್ತನ್ನು ಬಟ್ಟೆಯಲ್ಲಿ ಕಟ್ಟಿ ಹಿಂದಿನ ರಾತ್ರಿ ಐದು ಲೀಟರ್ ನೀರಿನ ಮೇಲ್ಭಾಗದಲ್ಲಿ ತೂಗಹಾಕಿ, ತಾನಾಗಿ ಕರಗುತ್ತದೆ. ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ತಣಿದ ಮೇಲೆ ಐದು ಲೀಟರ್ ಮಾಡಿ ಸೋಸಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಿಸಿ ಹೊಯ್ಯಬಾರದು, ಕಡ್ಡಿಯಲ್ಲಿ ಕದಡುತ್ತಲೇ ಇರಬೇಕು. ಪಾತ್ರೆ ಪ್ಲಾಸ್ಟಿಕ್ ಅಥವಾ ಮಣ್ಣಿನದು. ಹೊಳೆಯುವ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಹತ್ತಿದರೆ ತಾಮ್ರ ಬಿಡಿಯಾಗಿ ಉಳಿದಿದೆ, ಎಲೆ ಸುಡುತ್ತದೆ, ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಗಾಳಿಗೆ ಪುಡಿಯಾದ ಹಳೆ ಸುಣ್ಣ ತಂದರೆ ಹೀಗಾಗುತ್ತದೆ. ಗಟ್ಟಿ ಹರಳಿನ ಸುಣ್ಣವನ್ನೇ ಕೊಳ್ಳಿ. ಮಾಡಿದ ದಿನವೇ ಮುಗಿಸಿ, ಬೇರೆ ಯಾವುದನ್ನೂ ಬೆರೆಸಬೇಡಿ, ಎಲೆಯ ಮೇಲೆ ನೀರಿರುವಾಗ ಬಿಡಬೇಡಿ.

ಇದು ಸಾವಯವದಲ್ಲಿ ಒಪ್ಪಿತವಾದರೂ ಹತೋಟಿಯಲ್ಲಿ ಬಳಸಬೇಕಾದ ಮದ್ದು. ತಾಮ್ರ ಮಣ್ಣಿನಿಂದ ಎಲ್ಲಿಗೂ ಹೋಗುವುದಿಲ್ಲ, ಎರೆಹುಳಕ್ಕೂ ಒಳ್ಳೆಯದಲ್ಲ. ಸೌತೆ, ಹಾಗಲ, ಪಡುವಲದ ಬೂಜು ತುಪ್ಪಟಕ್ಕೆ, ಮೆಣಸಿನ ಕಾಯಿಕೊಳೆಗೆ, ಅದೂ ಮಳೆಯ ಬಿಡುವು ನೋಡಿ ಒಂದೆರಡು ಸಲ. ಹರಿವೆ, ಬಸಳೆಯಂಥ ಸೊಪ್ಪಿಗೆ ಬೇಡ. ಬಿಟ್ಟ ಮೇಲೆ ಕನಿಷ್ಠ ಒಂದು ವಾರ ಕಾಯಿ ಕೊಯ್ಯಬೇಡಿ, ಕೊಯ್ದದ್ದನ್ನು ಉಜ್ಜಿ ತೊಳೆಯಿರಿ. ತಾಮ್ರಕ್ಕೂ ಟ್ರೈಕೋಡರ್ಮಾ, ಸ್ಯೂಡೊಮೊನಾಸಿಗೂ ನಡುವೆ ಎರಡು ವಾರವಾದರೂ ಅಂತರವಿರಲಿ, ಇಲ್ಲವಾದರೆ ಹಣ ಕೊಟ್ಟು ತಂದ ಜೀವಾಣುವನ್ನು ನಾವೇ ಕೊಂದಂತೆ.

ಕಾಲಕ್ಕೆ ತಕ್ಕ ಕೆಲಸ

ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ಸುಣ್ಣ, ಪಾತಿ, ಟ್ರೈಕೋಡರ್ಮಾ ಗೊಬ್ಬರ ಎಲ್ಲ ಮುಗಿದಿರಬೇಕು. ಆಟಿಯ ಹಗಲುರಾತ್ರಿಯ ಮಳೆಯಲ್ಲಿ ಸಿಂಪಡಿಸುವುದೆಲ್ಲ ಕಣಿಗೆ ಹೋಗುತ್ತದೆ. ಆಗ ಕೆಳಗಿನ ಹಳದಿ ಎಲೆ ಕಿತ್ತು, ಬಳ್ಳಿಯನ್ನು ಚಪ್ಪರಕ್ಕೆ ಎತ್ತಿ ಕಟ್ಟಿ, ಬುಡಕ್ಕೆ ಸ್ಯೂಡೊಮೊನಾಸ್ ಹೊಯ್ಯುವುದೇ ಆಗುವ ಕೆಲಸ. ಸಿಂಪಡಿಸಿದ ಮೇಲೆ ನಾಲ್ಕೈದು ಗಂಟೆ ಮಳೆ ಬಾರದ ದಿನ ಸಿಕ್ಕಿದರೆ ಅದನ್ನು ಬಿಡಬೇಡಿ. ಗದ್ದೆ ಕೊಯ್ಲಾಗಿ ನೆಟ್ಟ ಬೇಸಗೆ ನಟ್ಟಿಗೆ ಮೊದಲು ಇಬ್ಬನಿಯ ಬೂಜು ತುಪ್ಪಟ, ಮಕರ ತಿಂಗಳ ಹೊತ್ತಿಗೆ ಬೂದಿ ರೋಗ ಬರುತ್ತದೆ. ಮದ್ದನ್ನೂ ಅದೇ ಕ್ರಮದಲ್ಲಿ ಬದಲಿಸಬೇಕು. ನೆಲದ ಮೇಲೆ ಹಬ್ಬುವ ಸೌತೆಯ ಪ್ರತಿ ಕಾಯಿಯ ಅಡಿಗೆ ಒಣ ಮಡಲಿನ ತುಂಡೋ ತರಗೆಲೆಯೋ ಇಡಿ. ಮಣ್ಣಿಗೆ ತಾಗಿದ ಮಗ್ಗುಲಲ್ಲಿ ಹತ್ತಿಯಂಥ ಬಿಳಿ ಬೂಸು ಬಂದು ಕೊಳೆಯುವುದು ನಿಲ್ಲುತ್ತದೆ.

ಕಳೆನಾಶಕ ಬಿಟ್ಟ ಪಂಪನ್ನು ತರಕಾರಿಗೆ ಬಳಸಬೇಡಿ, ತೊಳೆದರೂ ಬೇಡ. ಕಿತ್ತ ರೋಗದ ಎಲೆಯನ್ನು ಪಾತಿಯ ಬದಿಗೆ ಎಸೆಯದೆ ಚೀಲಕ್ಕೆ ತುಂಬಿ. ಚೆನ್ನಾಗಿ ಕಾಯುವ ಗೊಬ್ಬರದ ರಾಶಿಯಿದ್ದರೆ ಅದರ ನಡುವೆ ಹೂಳಿ, ಇಲ್ಲವಾದರೆ ಸುಡುಮಣ್ಣಿನ ಬೆಂಕಿಗೆ ಹಾಕಿ. ಬೆಳೆ ಮುಗಿದ ಚಪ್ಪರದ ಬಳ್ಳಿಗೂ ಕಟ್ಟಿದ ಹಗ್ಗಕ್ಕೂ ಇದೇ ಕ್ರಮ. ಅದೇ ಜಾಗಕ್ಕೆ ಮುಂದಿನ ಸಲ ಸೌತೆಯ ಬದಲು ಬೆಂಡೆ ಅಥವಾ ಅಲಸಂಡೆ ಹಾಕಿ.